ಬುಧವಾರದ ಸಾವು, ಮಂಗಳವಾರದ ಸುದ್ದಿ

"ಈ ಹುಡುಗಿ ಗಡಿಯಾರ ನೋಡಿ ಬರದಾಳೋ, ಮನಸಿಗಿ ಬಂದಂಗ ಬರದಾಳೋ?"

ರೇಣಮ್ಮ ನೋಟ್‌ಬುಕ್ಕಿನ ಆ ಸಾಲಿನ ಮೇಲಿಂದ ಬೆರಳು ತೆಗೆಯದೇ ಕೇಳಿದಳು.

"ಗಡಿಯಾರ ನೋಡೇ ಬರದಾಳ್ರಿ ಮೇಡಂ," ಎಂದರು ಎದುರಿಗೆ ಕುಳಿತಿದ್ದ ಶ್ರೀಮಂತ ಸರ್. ಸುರಪುರದ ಆ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವ ಲೆಕ್ಚರರ್ ಅವರು. "ಉಳಿದ ಮೂವತ್ತೊಂಬತ್ತು ಮಂದಿ ಬರದಿದ್ದು ನಂಬಬ್ಯಾಡ್ರಿ. ಈಕಿದು ಮಾತ್ರ ನಂಬ್ರಿ."

ಕಾಲುವೆಯಲ್ಲಿ ಹೆಣವಾಗಿ ಸಿಕ್ಕ ನಸೀರುದ್ದೀನ ಮಾಸ್ತರರ ಫೈಲನ್ನು 'ಕಾಲು ಜಾರಿ ಬಿದ್ದು ಸಾವು' ಎಂದು ಮುಚ್ಚಲು ಇನ್ನೆರಡೇ ದಿನ ಉಳಿದಿತ್ತು. ಆ ಫೈಲನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡಿದ್ದವಳು ಎ.ಎಸ್.ಐ. ರೇಣಮ್ಮ ಒಬ್ಬಳೇ. ಶ್ರೀಮಂತ ಬೆಳಿಗ್ಗೆ ಫೋನ್ ಮಾಡಿ "ಒಂದು ನೋಟ್‌ಬುಕ್ ನೋಡಬೇಕ್ರಿ" ಎಂದಾಗ ಅವಳು ಶಹಾಪುರದ ಠಾಣೆಯಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದಿದ್ದಳು.

ಮೇಜಿನ ಮೇಲೆ ನಲವತ್ತು ನೋಟ್‌ಬುಕ್ಕುಗಳಿದ್ದವು. ಕೊನೆಯ ವರ್ಷದ ಹುಡುಗ ಹುಡುಗಿಯರಿಗೆ ಶ್ರೀಮಂತ ಕೊಟ್ಟಿದ್ದ ಕೆಲಸ ಅದು. ಎರಡು ವಾರ, ಕಣ್ಣಿಗೆ ಬಿದ್ದ ಪ್ರತಿಯೊಂದು ಸುದ್ದಿಯನ್ನೂ ಬರೆದಿಡಬೇಕು. ಎಷ್ಟು ಗಂಟೆಗೆ ನೋಡಿದೆ, ಎಲ್ಲಿ ನೋಡಿದೆ, ಯಾರು ಕಳಿಸಿದರು, ನಂಬಿದೆಯಾ, ಖರೆಯೋ ಸುಳ್ಳೋ ಎಂದು ವಿಚಾರಿಸಿದೆಯಾ, ವಿಚಾರಿಸಿದ್ದರೆ ಹೇಗೆ.

ರೇಣಮ್ಮ ಎರಡು ಮೂರು ತಿರುವಿ ನೋಡಿದ್ದಳು. ಒಬ್ಬ ಹದಿನಾಲ್ಕು ದಿನವೂ 'ಬೆಳಿಗ್ಗೆ ಎಂಟಕ್ಕೆ ಪತ್ರಿಕೆ ಓದಿದೆ' ಎಂದು ಬರೆದಿದ್ದ. ಅವನ ಊರಿಗೆ ಪತ್ರಿಕೆ ಹೋಗುವುದೇ ಇಲ್ಲ. ಇನ್ನೊಬ್ಬಳು ಗೆಳತಿಯ ನೋಟ್‌ಬುಕ್ಕನ್ನು ತಪ್ಪುಗಳ ಸಮೇತ ಇಳಿಸಿಕೊಂಡಿದ್ದಳು. ಮಲ್ಲು ಎಂಬ ಹುಡುಗ ಮಾತ್ರ ಒಂದೇ ಸಾಲು ಬರೆದು ಕೈಮುಗಿದಿದ್ದ: 'ಸರ್, ರೀಲ್ಸ್ ನಡುವೆ ಯಾವುದು ಸುದ್ದಿ, ಯಾವುದು ಜಾಹೀರಾತು ಗೊತ್ತಾಗಲಿಲ್ಲ.'

ರೇಣಮ್ಮನ ಕೈಯಲ್ಲಿದ್ದ ಗುಲಫಶಾಳ ನೋಟ್‌ಬುಕ್ಕು ಬೇರೆಯೇ ಇತ್ತು. ನಿಮಿಷ ನಿಮಿಷದ ಲೆಕ್ಕ. ಒತ್ತಾದ, ಸಣ್ಣ ಅಕ್ಷರ. 'ಯಾರು ಕಳಿಸಿದರು' ಎಂಬ ಕಡೆ ಎಲ್ಲ ಪುಟದಲ್ಲೂ ಒಂದೇ ಉತ್ತರ: ಯಾರೂ ಇಲ್ಲ.

ಶ್ರೀಮಂತ ತೋರಿಸಿದ ಸಾಲು ಹೀಗಿತ್ತು.

'ಮಂಗಳವಾರ, ಸಂಜೆ 5.40. ನಸೀರುದ್ದೀನ ಮಾಸ್ತರರು ತೀರಿಕೊಂಡ ಸುದ್ದಿ. ನೋಡಿದ್ದು: ವಾಟ್ಸಾಪ್ ಸ್ಟೇಟಸ್. ನಂಬಿದೆಯಾ: ಇಲ್ಲ. ವಿಚಾರಿಸಿದೆಯಾ: ಹೌದು.'

ಹೇಗೆ ಎಂಬಲ್ಲಿ ಬರೆದದ್ದನ್ನು ಪೆನ್ನಿನಿಂದ ಗೀಚಿ ಗೀಚಿ ಅಳಿಸಲಾಗಿತ್ತು. ಕಾಗದ ಹರಿಯುವಷ್ಟು.

ಮಂಗಳವಾರ ಸಂಜೆ ಏಳು ಗಂಟೆಗೆ ಮಾಸ್ತರರು ಶಹಾಪುರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತು ಚಹಾ ಕುಡಿದಿದ್ದರು. ನೋಡಿದವರು ಎಂಟು ಮಂದಿ ಹೇಳಿಕೆ ಕೊಟ್ಟಿದ್ದರು.

"ಆಮ್ಯಾಲ ಬರದು, ಟೈಮ್ ತಪ್ಪು ಹಾಕಿರಬಹುದಲ್ರಿ ಸರ?"

"ಹಂಗ ಆಗಾಕ ಸಾಧ್ಯ ಇಲ್ರಿ. ಬುಧವಾರ ಮುಂಜಾನಿ ಒಂಬತ್ತಕ್ಕ ಎಲ್ಲಾ ನೋಟ್‌ಬುಕ್ ನನ್ನ ಕೈಗಿ ಬಂದಾವ. ಅಲ್ಮಾರಿದಾಗ ಇಟ್ಟು ಕೀಲಿ ಹಾಕೀನಿ. ನಿನ್ನೆ ಮಾರ್ಕ್ಸ್ ಹಾಕಾಕ ತಗದೀನಿ." ಶ್ರೀಮಂತ ತಡೆದು ಕೇಳಿದರು. "ಮಾಸ್ತರ್ ಹೆಣ ಸಿಕ್ಕಿದ್ದು ಎಷ್ಟಕ್ರಿ?"

"ಬುಧವಾರ ಹನ್ನೊಂದಕ್ಕ."

ರೇಣಮ್ಮ ಆ ನೋಟ್‌ಬುಕ್ಕನ್ನು ಮುಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಈ ಹುಡುಗಿ ಎಲ್ಲಿ?"

"ಬುಧವಾರ ನೋಟ್‌ಬುಕ್ ಕೊಟ್ಟು ಹ್ವಾದಾಕಿ ಮತ್ತ ಬಂದಿಲ್ರಿ. ಗೋಗಿ ಊರಿನಾಕಿ. ಫೋನ್ ಎತ್ತವಲ್ಲಳು." ಶ್ರೀಮಂತ ತಲೆ ತಗ್ಗಿಸಿದರು. "ಕ್ಲಾಸಿನಾಗ ವಿಚಾರಿಸೀನಿ. ಆಕಿ ಯಾಕ ಬಂದಿಲ್ಲ ಅಂತ ಒಬ್ಬರಿಗೂ ಗೊತ್ತಿಲ್ರಿ. ಬಂದಿಲ್ಲ ಅನ್ನೋದೂ ಅರ್ಧ ಮಂದಿಗಿ ಗೊತ್ತಿಲ್ಲ."

ಶಹಾಪುರದ ಬಸ್ಸಿನಲ್ಲಿ ಜನ ತುಂಬಿದ್ದರು, ಮಾತು ಮಾತ್ರ ಕಡಿಮೆ ಇತ್ತು. ಪಕ್ಕದ ಸೀಟಿನ ಹುಡುಗಿ ಫೋನಿನಲ್ಲಿ ಬೆರಳಾಡಿಸುತ್ತಿದ್ದಳು. ಯಾವುದೋ ಮದುವೆ, ಯಾವುದೋ ಹಾಡು. ಆಮೇಲೆ ಕಾಲುವೆಯ ದಂಡೆ.

ರೇಣಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಅಬ್ರಾರ ಮಾಡಿದ ಲೈವ್ ಅದು. ಶಹಾಪುರದಲ್ಲಿ ಕಾರ್ಡು, ಫ್ಲೆಕ್ಸು ಮಾಡಿಕೊಡುವ ಅಂಗಡಿ ಇಟ್ಟುಕೊಂಡು, ಜತೆಗೆ ಸುದ್ದಿಯ ಪೇಜು ನಡೆಸುವ ಆಸಾಮಿ. ಹನ್ನೊಂದು ಸಾವಿರ ಮಂದಿ ಆ ಪೇಜು ನೋಡುತ್ತಾರೆ. ಪೊಲೀಸರು ಬರುವ ಮೊದಲೇ ಅವನು ಹೆಣದ ಹತ್ತಿರ ನಿಂತು ಕೂಗುತ್ತಿದ್ದ. ಅವನ ಹಿಂದೆ, ದಂಡೆ ಇಳಿಯುತ್ತಿರುವ ಹೆಂಗಸಿನ ಬೆನ್ನು ಕಂಡಿತು. ತನ್ನದೇ ಬೆನ್ನು. ಆ ಹುಡುಗಿಯ ಬೆರಳು ಸರಿಯಿತು. ಮಾಸ್ತರರು ಎರಡು ಸೆಕೆಂಡು ಇದ್ದು ಹೋದರು. ಮುಂದೆ ಯಾರೋ ಮಿರ್ಚಿ ಕರಿಯುತ್ತಿದ್ದರು.

ಬದುಕಿದ್ದಾಗಲೂ ಅಷ್ಟೇ. ಉರ್ದು ಶಾಲೆಯಿಂದ ರಿಟೈರಾದ ಮೇಲೆ ಮಾಸ್ತರರು ಒಂದು ನಂಬರು ಇಟ್ಟಿದ್ದರು. ಯಾರು ಬೇಕಾದರೂ ಯಾವ ಸುದ್ದಿಯನ್ನಾದರೂ ಕಳಿಸಿ ಖರೆಯೋ ಸುಳ್ಳೋ ಎಂದು ಕೇಳಬಹುದಿತ್ತು. ಮಾಸ್ತರರು ಆಫೀಸಿಗೆ ಹೋಗಿ, ಊರಿಗೆ ಹೋಗಿ, ಸಂಬಂಧಪಟ್ಟವರಿಗೆ ಫೋನ್ ಮಾಡಿ ಉತ್ತರ ಕೊಡುತ್ತಿದ್ದರು. ಮೊದಲ ವರ್ಷ ಕಾಲೇಜಿನ ಹುಡುಗರು ಮುಗಿಬಿದ್ದು ಕೇಳಿದರು. ಆಮೇಲೆ ಅವರಿಗೆ ಬೇಸರವಾಯಿತು. ಕೊನೆಕೊನೆಗೆ ಮಾಸ್ತರರು ಹೋಟೆಲಿನಲ್ಲಿ ಫೋನನ್ನು ಎದುರಿಗಿಟ್ಟುಕೊಂಡು, ಅದು ಸದ್ದು ಮಾಡಲೆಂದು ಕಾಯುತ್ತ ಕುಳಿತಿರುತ್ತಿದ್ದರಂತೆ. ಹೋಟೆಲಿನವರು ಹೇಳಿಕೆಯಲ್ಲಿ ಹಾಗೆಂದಿದ್ದರು.

ರೇಣಮ್ಮನಿಗೆ ಹಾಗೆ ಕಾಯುತ್ತ ಕೂರುವುದು ಗೊತ್ತಿತ್ತು. ಕ್ವಾರ್ಟರ್ಸಿನಲ್ಲಿ ಅವಳ ಫೋನೂ ಡ್ಯೂಟಿಯ ಕರೆ ಬಿಟ್ಟರೆ ಸದ್ದು ಮಾಡುತ್ತಿರಲಿಲ್ಲ.

ಶಹಾಪುರದಲ್ಲಿ ಇಳಿದು, ಹತ್ತಿ ಮೂಟೆಗಳ ಲಾರಿಗಳನ್ನು ದಾಟಿ, ಗೋಗಿಯ ಆಟೊದಲ್ಲಿ ಏಳನೆಯವಳಾಗಿ ತುರುಕಿಕೊಂಡಳು. ಗುಲಫಶಾಳ ಮನೆ ತಲುಪಿದಾಗ ಮಧ್ಯಾಹ್ನದ ಮೂರು ಗಂಟೆ.

ಬಾಗಿಲಲ್ಲಿ ಕುಳಿತಿದ್ದ ಮುದುಕಿ ಮಸ್ತಾನಬಿ, ಹುಡುಗಿಯ ಅಜ್ಜಿ, ಕೈಯನ್ನು ಕಿವಿಗೆ ಹಚ್ಚಿ ಯಾರು ಬಂದದ್ದೆಂದು ಕೇಳಿದಳು. "ಕೌನ್ ಆಯೇ ಮಾ?"

"ಕಾಲೇಜಿಲಿಂದ ಬಂದೀನಿ ಅಮ್ಮಾ," ಎಂದಳು ರೇಣಮ್ಮ. ಯೂನಿಫಾರ್ಮ್ ಹಾಕದೆ ಸಾದಾ ಸೀರೆಯುಟ್ಟು ಬಂದಿದ್ದಳು.

ಮುದುಕಿ ಮೇಲಕ್ಕೆ ಕೈ ತೋರಿಸಿದಳು. "ಮಾಳಿಗಿ ಮ್ಯಾಲ ಅದಾಳ. ದಿನಾ ಅಲ್ಲೇ. ಕೆಳಗ ಫೋನ್ ಹತ್ತಲ್ಲ ಅಂತಾಳ. ಅವ್ವ ಅಪ್ಪ ಹೈದರಾಬಾದಿನಾಗ ಕೆಲಸಕ್ಕ ಹೋಗ್ಯಾರ. ನನಗ ಕಿವಿ ಕೇಳಲ್ಲ. ಯಾರ ಜತಿ ಮಾತಾಡಬೇಕು ಆಕಿ?"

ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಲು ಹರವಿದ್ದರು. ಅದರಾಚೆ, ಕುಂಬಿಯ ಗಿಡ್ಡ ಗೋಡೆಗೆ ಒರಗಿ, ಮೊಣಕಾಲು ಮಡಚಿ ಒಬ್ಬ ಹುಡುಗಿ ಕುಳಿತಿದ್ದಳು. ಇಪ್ಪತ್ತು ವರ್ಷವಿರಬೇಕು. ದುಪಟ್ಟಾ ತಲೆಯ ಮೇಲಿಂದ ಜಾರಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ.

ರೇಣಮ್ಮ ಅವಳ ಪಕ್ಕದಲ್ಲೇ ನೆಲಕ್ಕೆ ಕುಳಿತಳು. ತಾನು ಯಾರೆಂದು ಹೇಳಿದಳು. ನೋಟ್‌ಬುಕ್ಕು ತೆಗೆದು ಆ ಪುಟ ಬಿಡಿಸಿಟ್ಟಳು.

ಗುಲಫಶಾ ನೋಡಿದಳು, ಮುಖ ತಿರುಗಿಸಿದಳು.

"ಟೈಮ್ ತಪ್ಪೇದ್ರಿ ಮೇಡಂ. ಬುಧವಾರ ಬರೀಬೇಕಾಗಿತ್ತು."

"ಬುಧವಾರ ಒಂಬತ್ತಕ್ಕ ನೋಟ್‌ಬುಕ್ ಕೊಟ್ಟೀದಿ. ಆವಾಗ ಮಾಸ್ತರ್ ಸತ್ತಿದ್ದು ಊರಿಗೇ ಗೊತ್ತಿಲ್ಲ."

"ಹಂಗಾರ ಬ್ಯಾರೆ ಯಾರೋ ನಸೀರುದ್ದೀನ ಇರಬೇಕ್ರಿ."

"ನೀ ಗೀಚಿದಲ್ಲಿ ಏನ್ ಬರದಿದ್ದಿ?"

ಕೆಳಗೆ ಬೀದಿಯಲ್ಲಿ ಒಂದು ಆಟೊ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಹುಡುಗಿ ಕಾದಳು.

"ನಾ ಹೇಳಿದ್ರ ಮಾಸ್ತರ್ ವಾಪಸ್ ಬರ್ತಾರೇನ್ರಿ?"

"ಇಲ್ಲ."

"ಮತ್ತ ಯಾಕ ಹೇಳಬೇಕ್ರಿ?"

"ಕಾಲು ಜಾರಿ ಬಿದ್ದ ಅಂತ ಬರದು ಫೈಲ್ ಮುಚ್ಚತಾರ. ನಾಳೆ ಅದೇ ಸುದ್ದಿ ಆಗ್ತದ. ಅದು ಖರೆ ಸುದ್ದಿ ಏನು?"

ಗುಲಫಶಾ ನೋಟ್‌ಬುಕ್ಕಿನ ಹರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು.

"ಮಾಸ್ತರಿಗೇ ಫೋನ್ ಮಾಡಿದೆ ಅಂತ ಬರದಿದ್ದೆರಿ."

"ಸತ್ತಾರ ಅನ್ನೋ ಮನಿಷ್ಯಾನಿಗೇ?"

"ಹೌದ್ರಿ. ಮತ್ಯಾರನ್ನ ಕೇಳಲಿ? ಎಲ್ಲಾದಕ್ಕೂ ಅವರಿಗೇ ಕೇಳತಿದ್ದೆ." ಅವಳು ಮೊದಲ ಸಲ ರೇಣಮ್ಮನ ಮುಖ ನೋಡಿದಳು. "ಸ್ಟೇಟಸ್‌ದಾಗಿನ ಆ ಕಾರ್ಡ್ ನೋಡಿದ ಕೂಡಲೇ ನನಗ ಸಂಶಯ ಬಂತ್ರಿ. ಅವರ ಫೋಟೋ ಇತ್ತು, ಗುಲಾಬಿ ಹೂ ಇತ್ತು. ಹೆಸರು ತಪ್ಪಿತ್ತು, ಒಂದು 'ದ' ಬಿಟ್ಟಿದ್ರು. ಕೆಳಗ 'ಬುಧವಾರ ಬೆಳಿಗ್ಗೆ ನಿಧನರಾದರು' ಅಂತ ಬರದಿತ್ತು."

"ಬುಧವಾರ?"

"ನಾ ನೋಡಿದ್ದು ಮಂಗಳವಾರ್ರಿ ಮೇಡಂ."

ರೇಣಮ್ಮ ಕೇಳಿದ್ದನ್ನು ತನ್ನೊಳಗೆ ಇನ್ನೊಮ್ಮೆ ಕೇಳಿಕೊಂಡಳು. ಬುಧವಾರ ಮಧ್ಯಾಹ್ನ ಊರಿನ ಎಲ್ಲ ಗ್ರೂಪುಗಳಲ್ಲಿ ಓಡಾಡಿದ ಕಾರ್ಡು ಅವಳ ಫೋನಿನಲ್ಲೂ ಇತ್ತು. ತೆಗೆದು ತೋರಿಸಿದಳು.

"ಇದೇನು?"

"ಇದೇ. ಇದೇ ಹೂ, ಇದೇ ತಪ್ಪು. ಎಲ್ಲಾರೂ ಕೈಮುಗಿದ ಚಿತ್ರ ಹಾಕ್ಯಾರ. ಹೆಸರು ತಪ್ಪೇದ ಅಂತ ಒಬ್ಬರೂ ಅಂದಿಲ್ಲ."

"ಫೋನಿನಾಗ ಮಾಸ್ತರ್ ಏನಂದ್ರು?"

"ನಕ್ಕರ್ರಿ." ಗುಲಫಶಾ ನೋಟ್‌ಬುಕ್ಕು ಮುಚ್ಚಿದಳು. "'ನಾನಿನ್ನೂ ಚಹಾ ಕುಡದಿಲ್ಲವ್ವಾ, ಸಾಯೋದು ಹ್ಯಾಂಗ' ಅಂದ್ರು. ಆಮ್ಯಾಲ ಯಾರ ಸ್ಟೇಟಸ್ ಅಂತ ಕೇಳಿದ್ರು. ನಾ ಹೇಳಿದೆ. 'ನಾ ಹೋಗಿ ಕೇಳಿ ಬರ್ತೀನಿ. ನೀ ಯಾರ ಮುಂದೂ ಅನಬ್ಯಾಡ. ಕೇಳಿ ಬಂದು ನಿನಗ ಫೋನ್ ಮಾಡ್ತೀನಿ' ಅಂದ್ರು. ಅದಕ್ಕ ಬರದಿದ್ದು ಗೀಚಿದೆರಿ. ಫೋನ್ ಬರ್ತದ ಅಂತ ಇಲ್ಲೇ ಕುಂತಿದ್ದೆ."

ಮುಂದಿನದನ್ನು ಅವಳು ಹೇಳಬೇಕಾಗಿರಲಿಲ್ಲ.

"ನಾ ಕೇಳದಿದ್ರ ಅವರು ಹೋಗತಿದ್ದಿಲ್ರಿ," ಎಂದಳು ಸಣ್ಣ ದನಿಯಲ್ಲಿ. "ಎಲ್ಲಾರಂಗ ನಾನೂ ಕೈಮುಗಿದು ಸುಮ್ಮನಾಗಿದ್ರ ಬದುಕ್ತಿದ್ರು."

ಆರು ದಿನದಿಂದ ಈ ಹುಡುಗಿ ಈ ಮಾತನ್ನು ಒಬ್ಬಳೇ ಹೊತ್ತುಕೊಂಡು ಮಾಳಿಗೆ ಏರಿ ಇಳಿದಿದ್ದಳು. ರೇಣಮ್ಮನಿಗೆ ಸಮಾಧಾನದ ಮಾತುಗಳು ಬರುತ್ತಿರಲಿಲ್ಲ. ಅವಳ ಜಾರಿದ ದುಪಟ್ಟಾವನ್ನು ಎತ್ತಿ ತಲೆಯ ಮೇಲೆ ಹೊದಿಸಿದಳು.

"ಕಾರ್ಡ್ ಮದಲೇ ತಯಾರಾಗಿತ್ತವ್ವಾ. ನೀ ಫೋನ್ ಮಾಡೋಕಿಂತ ಮದಲೇ ಯಾರೋ ದಿನ ಗೊತ್ತು ಮಾಡಿದ್ರು. ಯಾರ ಸ್ಟೇಟಸ್ ಅದು?"

"ಹೇಳಿದ್ರ ಆತನಿಗೆ ಗೊತ್ತಾಗ್ತದ್ರಿ."

"ಹ್ಯಾಂಗ ಗೊತ್ತಾಗ್ತದ?"

"ನಾಕು ನಿಮಿಷಕ್ಕ ಡಿಲೀಟ್ ಮಾಡಿದಾನ್ರಿ. ತಪ್ಪಿ ಹಾಕಿರಬೇಕು. ಆದ್ರ ನೋಡಿದವರ ಹೆಸರು ಆತಗ ಕಾಣಸ್ತದಲ್ಲ. ನಾ ಒಬ್ಬಾಕಿನೇ ನೋಡೀನೋ ಏನೋ."

ರೇಣಮ್ಮ ತನ್ನ ಫೋನನ್ನು ಮಗುಚಿ ನೆಲದ ಮೇಲಿಟ್ಟಳು. ಒತ್ತಾಯಿಸಲಿಲ್ಲ.

"ಅಬ್ರಾರ," ಎಂದಳು ಗುಲಫಶಾ.

ಹೆಸರು ಹೊರಬಿದ್ದ ಮೇಲೆ ಉಳಿದದ್ದೂ ಬಂತು. ಎರಡು ವರ್ಷದ ಹಿಂದೆ ಅಬ್ರಾರನ ಪೇಜಿನಲ್ಲಿ, ಮನೆ ಬಿಟ್ಟು ಓಡಿಹೋದ ಹುಡುಗಿ ಎಂದು ಒಂದು ಫೋಟೋ ಬಂದಿತ್ತು. ಓಡಿಹೋದವಳು ಬೇರೆ ಯಾರೋ. ಫೋಟೋ ಗುಲಫಶಾಳದು. ಆ ಹೊತ್ತಿಗೆ ಅವಳು ಕ್ಲಾಸಿನಲ್ಲೇ ಕುಳಿತಿದ್ದಳು. ಪಕ್ಕದಲ್ಲಿ ಕುಳಿತ ಗೆಳತಿಯರು ಅವಳನ್ನು ನೋಡುತ್ತಲೇ ಅದನ್ನು ಮುಂದೆ ಕಳಿಸಿದರು.

"ಫೋಟೋ ತಗೀರಿ ಅಂತ ಆತಗ ಫೋನ್ ಮಾಡಿ ಅತ್ತೆರಿ. ಅವತ್ತೇ ಆತ ನನ್ನ ನಂಬರ್ ಇಟ್ಟುಕೊಂಡಾನ. ಆಮ್ಯಾಲ ಮಾಸ್ತರ್ ವಿಚಾರಿಸಿ ಸುಳ್ಳು ಅಂತ ಹಾಕಿದ್ರು. ಸುಳ್ಳು ಸುದ್ದಿ ಹನ್ನೊಂದು ಸಾವಿರ ಮಂದಿ ನೋಡಿದ್ರು. ಸುಳ್ಳು ಅನ್ನೋದನ್ನ ಮೂವತ್ತು ಮಂದಿ ನೋಡಿದ್ರು. ಕ್ಲಾಸಿನ ಗ್ರೂಪಿನಿಂದ ನನ್ನ ತಗದ್ರು. ಯಾರೂ ವಾಪಸ್ ಹಾಕಲಿಲ್ಲ."

"ಮತ್ತ ಆತನ ಸ್ಟೇಟಸ್ ಯಾಕ ನೋಡ್ತಿ?"

"ದಿನಾ ನೋಡ್ತೀನ್ರಿ. ಮತ್ತ ನನ್ನ ಫೋಟೋ ಹಾಕ್ಯಾನೇನೋ ಅಂತ."

ರೇಣಮ್ಮ ಎದ್ದು ಎರಡು ಹೆಜ್ಜೆ ಆಚೆ ಹೋಗಿ ಠಾಣೆಗೆ ಫೋನ್ ಹಚ್ಚಿದಳು. ಕಾನ್‌ಸ್ಟೇಬಲ್ ತಿಮ್ಮಣ್ಣ ಎತ್ತಿದ.

"ತಿಮ್ಮಣ್ಣ, ಆ ಲೈವ್ ಮಾಡಿದ ಅಬ್ರಾರ ಎಲ್ಲಿದ್ದಾನ, ಪತ್ತೆ ಹಚ್ಚು. ಜಲ್ದಿ."

"ಪತ್ತೆ ಹಚ್ಚೋದೇನದರಿ ಮೇಡಂ? ನನ್ನೆದುರಿಗೇ ಕುಂತಾನ. ಮೊನ್ನೆ ನೀವೇ ಹೇಳಿಕಿ ತಗೋ ಅಂದಿದ್ರಿ. ಮುಂಜಾನಿ ಹತ್ತರಿಂದ ಬರಕೋಳಾಕತ್ತೀನಿ. ಇವತ್ತ ನಾಕು ಚಹಾ ಕುಡದಾನ."

"ಆತನ ಫೋನು?"

"ನನ್ನ ಟೇಬಲ್ ಮ್ಯಾಲ ಅದ್ರಿ. ಬಂದ ಕೂಡಲೇ ತಗೊಂಡೀನಿ."

"ಎದ್ದು ಹೋಗಾಕ ಬಿಡಬ್ಯಾಡ. ನಾ ಬರ್ತೀನಿ."

ಅಷ್ಟು ಸುಲಭವೇ? ರೇಣಮ್ಮನ ಎದೆ ಹಗುರಾಯಿತು. ಆರು ದಿನದಲ್ಲಿ ಮೊದಲ ಸಲ. ಕಾರ್ಡು ಮಾಡಿದವನು ಠಾಣೆಯಲ್ಲಿ, ಕಾರ್ಡು ಕಂಡವಳು ಇಲ್ಲಿ. ಯಾರು ಮಾಡಿಸಿದ್ದು ಎಂದು ಕೇಳುವುದೊಂದೇ ಬಾಕಿ.

ತಿರುಗಿ ಬಂದು ಕುಳಿತಾಗ ಗುಲಫಶಾ ತನ್ನ ಫೋನು ಎತ್ತಿಕೊಂಡಿದ್ದಳು.

"ಮೇಡಂ, ಇನ್ನೊಂದು ಅದ್ರಿ. ನನಗ ಹುಚ್ಚು ಅನಬ್ಯಾಡ್ರಿ."

"ಅನಲ್ಲ. ಹೇಳು."

"ಮಾಸ್ತರ್ ಹ್ವಾದ ಮ್ಯಾಲೂ ನಾ ಅವರಿಗಿ ಕಳಸಾಕತ್ತೀನಿ."

ತೆರೆಯ ಮೇಲೆ ಮಾಸ್ತರರ ನಂಬರಿಗೆ ಕಳಿಸಿದ ಸಾಲುಗಳಿದ್ದವು. ಬಸ್ಸಿನ ದರ ಹೆಚ್ಚಾಯಿತಂತೆ, ಖರೆ ಏನ್ರಿ ಸರ. ಪರೀಕ್ಷೆ ಮುಂದೆ ಹೋಯಿತಂತೆ, ಖರೆ ಏನ್ರಿ ಸರ. ದಿನಕ್ಕೆ ಒಂದೆರಡು. ನಡುವೆ ಒಂದು: ನೀವು ಕಾಲು ಜಾರಿ ಬಿದ್ದಿರಂತೆ, ಖರೆ ಏನ್ರಿ ಸರ.

ರೇಣಮ್ಮ ಕಣ್ಣು ಒರೆಸಿಕೊಳ್ಳಲು ಮುಖ ಆಚೆ ಮಾಡಿದಳು. ಮಾಸ್ತರರ ಜೇಬಿನಲ್ಲಿ ಚಷ್ಮಾ ಸಿಕ್ಕಿತ್ತು, ಬಸ್ಸಿನ ಟಿಕೆಟು ಸಿಕ್ಕಿತ್ತು. ಫೋನು ಸಿಕ್ಕಿರಲಿಲ್ಲ. ಕಾಲುವೆಯ ನೀರಿನಲ್ಲಿ ಹೋಗಿರಬೇಕೆಂದು ಎಲ್ಲರೂ ಬರೆದುಕೊಂಡಿದ್ದರು. ಆ ನಂಬರಿಗೆ ಹಚ್ಚಿದಾಗೆಲ್ಲ ಸ್ವಿಚ್ ಆಫ್ ಎಂದೇ ಬರುತ್ತಿತ್ತು.

"ಇವತ್ತಿನ ತನಕ ಒಂದೇ ಟಿಕ್ ಇತ್ರಿ," ಎಂದಳು ಗುಲಫಶಾ. "ಈಗ ನೋಡ್ರಿ."

ಪ್ರತಿ ಸಾಲಿನ ಕೊನೆಗೂ ಎರಡೆರಡು ಗೆರೆಗಳಿದ್ದವು. ಎಲ್ಲವೂ ನೀಲಿ.

"ಎಷ್ಟಕ್ಕ ಆಯ್ತು ಇದು?"

"ಮಧ್ಯಾಹ್ನ ಒಂದಕ್ಕ. ಯಾರೋ ತಗದು ಓದ್ಯಾರ. ಎಲ್ಲಾ ಓದ್ಯಾರ."

ಒಂದು ಗಂಟೆಗೆ ಅಬ್ರಾರ ತಿಮ್ಮಣ್ಣನ ಎದುರಿಗೆ ಕುಳಿತಿದ್ದ. ಅವನ ಫೋನು ಮೇಜಿನ ಮೇಲಿತ್ತು. ರೇಣಮ್ಮನ ಎದೆಯ ಹಗುರ ಅಲ್ಲಿಗೇ ಮುಗಿಯಿತು. ಮಾಸ್ತರರ ಫೋನು ನೀರಿಗೆ ಬಿದ್ದಿರಲೇ ಇಲ್ಲ. ಅದು ಯಾರದೋ ಕೈಯಲ್ಲಿತ್ತು, ಮತ್ತು ಆ ಕೈ ಅಬ್ರಾರನದಲ್ಲ.

"ನೀ ಏನೂ ಬರೀಬ್ಯಾಡ ಈಗ. ಆ ಫೋನ್ ಎಲ್ಲದ ಅಂತ ಯಾದಗಿರಿಯ ಸೈಬರ್ ಠಾಣೆಗೆ ಹೇಳಿ ಹುಡುಕಸ್ತೀನಿ."

ಗುಲಫಶಾ ತಪ್ಪು ಮಾಡಿದವಳಂತೆ ನೋಡಿದಳು.

"ಬರದೀನ್ರಿ ಮೇಡಂ. ನೀವು ಫೋನಿನಾಗ ಮಾತಾಡೋವಾಗ. 'ಯಾರ್ರಿ ನೀವು' ಅಂತ."

ಆ ಸಾಲೂ ನೀಲಿಯಾಗಿತ್ತು. ಮೇಲೆ, ಮಾಸ್ತರರ ನಗುಮುಖದ ಪುಟ್ಟ ಫೋಟೋದ ಪಕ್ಕದಲ್ಲಿ, ಆ ಕಡೆಯವರು ಏನೋ ಬರೆಯುತ್ತಿದ್ದಾರೆಂದು ತೋರಿಸುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು.

ಬಿಸಿಲಿಗೆ ಮೆಣಸಿನಕಾಯಿಯ ಘಾಟು ಏಳುತ್ತಿತ್ತು. ಇಬ್ಬರೂ ಅಂಗೈಯಗಲದ ಆ ಬೆಳಕನ್ನು ನೋಡುತ್ತ ಕುಳಿತರು.

ಫೋನು ಅದುರಿತು.

'ನಿನ್ನ ಬಾಜೂಕ ಕುಂತಾಕಿ ಯಾರು?'